ಅಂಡಾಶಯದ ಲೆಕ್ಕ ಇಟ್ಟವರು ಯಾರು?

ರಾಣೆಬೆನ್ನೂರಿನ ಸರ್ಕಾರಿ ಆಸ್ಪತ್ರೆಯಲ್ಲಿ 2014ರಿಂದ 2017ರ ನಡುವೆ ಸಾವಿರಕ್ಕೂ ಹೆಚ್ಚು ಹೆಣ್ಣುಮಕ್ಕಳ ಗರ್ಭಕೋಶವನ್ನು ಅಗತ್ಯವಿಲ್ಲದೆಯೂ ತೆಗೆಯಲಾಯಿತು ಎಂಬ ಆರೋಪ ಹಾವೇರಿ ಜಿಲ್ಲೆಯ ಓದುಗರಿಗೆ ಹೊಸದಲ್ಲ. ಹಾಗೆ ದೂರಿದವರಲ್ಲಿ ಲಂಬಾಣಿ ತಾಂಡಾಗಳ, ದಲಿತ ಕೇರಿಗಳ ಕೂಲಿಕಾರ್ತಿಯರೇ ಹೆಚ್ಚು. 2022ರಲ್ಲಿ ಅವರು ಪರಿಹಾರ ಕೇಳುತ್ತ ಅಂದಿನ ಮುಖ್ಯಮಂತ್ರಿಯವರ ಶಿಗ್ಗಾವಿಯ ಮನೆಯತ್ತ ಕಾಲ್ನಡಿಗೆಯಲ್ಲಿ ಹೊರಟಾಗ ವಿಷಯ ಮತ್ತೆ ಸುದ್ದಿಯಾಯಿತು. ಆಗ ನಡೆದ ಚರ್ಚೆಯೆಲ್ಲ ತಪ್ಪು ಯಾರದು, ಪರಿಹಾರ ಎಷ್ಟು ಎಂಬ ಎರಡು ಪ್ರಶ್ನೆಗಳ ಸುತ್ತಲೇ ತಿರುಗಿತು. ಎರಡೂ ಕೇಳಲೇಬೇಕಾದ ಪ್ರಶ್ನೆಗಳು. ಆದರೆ ಇನ್ನೊಂದನ್ನು ಯಾರೂ ಜೋರಾಗಿ ಕೇಳಲಿಲ್ಲ: ಗರ್ಭಕೋಶದ ಜೊತೆಗೆ ಅಂಡಾಶಯಗಳನ್ನೂ ತೆಗೆದರೇ? ತೆಗೆದಿದ್ದರೆ ಅದು ಹೊಟ್ಟೆಗಷ್ಟೇ ಸಂಬಂಧಿಸಿದ ಶಸ್ತ್ರಚಿಕಿತ್ಸೆಯಲ್ಲ. ಅದರ ಪರಿಣಾಮ ಮಿದುಳಿನ ತನಕ ಹೋಗುತ್ತದೆ. ನಿದ್ದೆ, ನೆನಪು, ಮನಸ್ಸಿನ ಸಮತೋಲ ಮೂರನ್ನೂ ಮುಟ್ಟುತ್ತದೆ. ಹಾಗಿದ್ದೂ ನಮ್ಮ ಆಸ್ಪತ್ರೆಗಳು, ಸಮೀಕ್ಷೆಗಳು, ನ್ಯಾಯದ ಮಾತುಕತೆಗಳು ಇದನ್ನು ಲೆಕ್ಕಕ್ಕೇ ಹಿಡಿದಿಲ್ಲ.

ಹಾನಗಲ್ಲಿನ ಗದ್ದೆಯಲ್ಲಿ ನಾಟಿ ಮಾಡುವವಳಿರಲಿ, ಸವಣೂರಿನ ಎಲೆಬಳ್ಳಿಯ ತೋಟದಲ್ಲಿ ದುಡಿಯುವವಳಿರಲಿ, 'ಚೀಲ ತೆಗೆಸೇನಿ' ಎಂದಷ್ಟೇ ಹೇಳುತ್ತಾಳೆ. ಅದಕ್ಕಿಂತ ಹೆಚ್ಚು ಅವಳಿಗೆ ಯಾರೂ ಹೇಳಿರುವುದಿಲ್ಲ. ಶಿಗ್ಗಾವಿ, ಸವಣೂರು, ಹಾನಗಲ್ಲಿನವರು ಹುಬ್ಬಳ್ಳಿಗೆ, ಹಿರೇಕೆರೂರಿನವರು ದಾವಣಗೆರೆಗೆ ಹೋಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬರುವುದುಂಟು. ಬರುವಾಗ ಕೈಗೆ ಸಿಗುವ ಡಿಸ್ಚಾರ್ಜ್ ಕಾರ್ಡಿನಲ್ಲಿ ಇಂಗ್ಲಿಷಿನ ಕೆಲವು ಅಕ್ಷರಗಳಿರುತ್ತವೆ. 'ಟಿಎಎಚ್' ಎಂದಷ್ಟೇ ಬರೆದಿದ್ದರೆ ಗರ್ಭಕೋಶ ಮಾತ್ರ ಹೋಗಿದೆ. ಅದರ ಮುಂದೆ 'ಬಿಎಸ್‌ಒ' ಎಂದಿದ್ದರೆ ಎರಡೂ ಬದಿಯ ಅಂಡಾಶಯಗಳು, ಅಂಡನಾಳಗಳು ಕೂಡ ಹೋಗಿವೆ. ಮುಂದಿನ ಇಪ್ಪತ್ತು ವರ್ಷ ಆಕೆಯ ದೇಹ ಹೇಗಿರಬೇಕು ಎಂಬುದನ್ನು ಬಹುಮಟ್ಟಿಗೆ ಆ ಮೂರು ಅಕ್ಷರಗಳು ತೀರ್ಮಾನಿಸುತ್ತವೆ. ಕಾರ್ಡು ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಉಳಿದರೆ ಪುಣ್ಯ, ಮಳೆಗಾಲದಲ್ಲಿ ಸೋರುವ ಮಾಡಿನ ಕೆಳಗೆ ಅದೂ ಕಷ್ಟ. 2015–16ರ ನಾಲ್ಕನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಮೊದಲ ಬಾರಿಗೆ ಗರ್ಭಕೋಶ ತೆಗೆಸಿಕೊಂಡವರ ಲೆಕ್ಕ ಹಿಡಿಯಿತು. ದೇಶದಲ್ಲಿ 15ರಿಂದ 49 ವಯಸ್ಸಿನವರ ಪೈಕಿ ಶೇ 3ಕ್ಕೆ ತುಸು ಮೇಲೆ, ಆಂಧ್ರ ಮತ್ತು ತೆಲಂಗಾಣದಲ್ಲಿ ಶೇ 8ರ ಆಸುಪಾಸು. ಅವರಲ್ಲಿ ಬಹಳ ಮಂದಿ ಮೂವತ್ತರ ಹರೆಯದಲ್ಲೇ ಇದಕ್ಕೆ ಒಳಗಾದವರು. ಸಮೀಕ್ಷೆಯವರು ಎಲ್ಲಿ ಮಾಡಿಸಿದಿರಿ, ಯಾಕೆ ಮಾಡಿಸಿದಿರಿ ಎಂದು ಕೇಳಿದರು. ಅಂಡಾಶಯ ಉಳಿದಿದೆಯೇ ಎಂದು ಕೇಳಲಿಲ್ಲ.

ಅಂಡಾಶಯದ ಕೆಲಸ ತಿಂಗಳಿಗೊಂದು ಅಂಡ ಬಿಡುವುದಷ್ಟೇ ಎಂದುಕೊಂಡವರಿಗೆ ಇದೆಲ್ಲ ಅತಿಯೆನ್ನಿಸಬಹುದು. ಈಸ್ಟ್ರೋಜೆನ್, ಪ್ರೊಜೆಸ್ಟರಾನ್ ಮತ್ತು ಒಂದಿಷ್ಟು ಟೆಸ್ಟೋಸ್ಟೆರಾನ್ ಅಲ್ಲಿ ತಯಾರಾಗಿ ರಕ್ತಕ್ಕೆ ಸೇರುತ್ತವೆ. ಇವು ಕೊಬ್ಬಿನಲ್ಲಿ ಕರಗುವ ಕಣಗಳಾದ್ದರಿಂದ ಮಿದುಳಿನ ಕಾವಲನ್ನು ಸುಲಭವಾಗಿ ದಾಟುತ್ತವೆ. ಈಸ್ಟ್ರೋಜೆನ್ನನ್ನು ಗುರುತಿಸಿ ಹಿಡಿಯುವ ಗ್ರಾಹಕಗಳು ನೆನಪಿನ ಕೇಂದ್ರವಾದ ಹಿಪೊಕ್ಯಾಂಪಸ್ಸಿನಲ್ಲೂ ಯೋಜನೆ, ಗಮನಗಳನ್ನು ನೋಡಿಕೊಳ್ಳುವ ಮಿದುಳಿನ ಮುಂಭಾಗದಲ್ಲೂ ಇವೆ. 1990ರಲ್ಲಿ ಕ್ಯಾಥರಿನ್ ವೂಲಿ, ಬ್ರೂಸ್ ಮೆಕ್ಯೂಯನ್ ಮತ್ತು ಸಂಗಡಿಗರು ಹೆಣ್ಣಿಲಿಯ ಹಿಪೊಕ್ಯಾಂಪಸ್ಸನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ನರಕೋಶಗಳ ಕವಲುಗಳ ಮೇಲಿನ ಮುಳ್ಳಿನಂಥ ಸಂಪರ್ಕಬಿಂದುಗಳು ನಾಲ್ಕೈದು ದಿನಗಳ ಋತುಚಕ್ರದೊಳಗೇ ಏರಿ ಇಳಿಯುತ್ತಿದ್ದವು. ವಯಸ್ಕ ಮಿದುಳು ಇಷ್ಟು ಬೇಗ ತನ್ನ ರಚನೆಯನ್ನೇ ಬದಲಿಸಿಕೊಳ್ಳುತ್ತದೆ ಎಂದು ಅಲ್ಲಿಯವರೆಗೆ ಬಹಳ ಜನ ಒಪ್ಪುತ್ತಿರಲಿಲ್ಲ. ಪ್ರೊಜೆಸ್ಟರಾನಿನಿಂದ ಹುಟ್ಟುವ ಅಲೊಪ್ರೆಗ್ನನೊಲೋನ್ ಎಂಬ ಇನ್ನೊಂದು ಕಣ ಮಿದುಳಿನ ಉದ್ವೇಗವನ್ನು ತಣಿಸುವ ಗಾಬಾ ವ್ಯವಸ್ಥೆಯ ಮೇಲೆ ಕೆಲಸ ಮಾಡುತ್ತದೆ. ಹೆರಿಗೆಯಾದ ಕೂಡಲೇ ಈ ಹಾರ್ಮೋನುಗಳು ದಿಢೀರನೆ ಕುಸಿಯುತ್ತವೆ. ನಮ್ಮ ಹಳ್ಳಿಗಳು ಬಾಣಂತಿ ಸನ್ನಿಯನ್ನು ಎಷ್ಟೋ ತಲೆಮಾರಿನಿಂದ ಬಲ್ಲವು, ಮೈ ಬದಲಾದರೆ ಮನಸ್ಸು ಅಲುಗುತ್ತದೆ ಎಂಬುದನ್ನು ಯಾರೂ ಅವುಗಳಿಗೆ ಕಲಿಸಬೇಕಾಗಿಲ್ಲ. ಬಾಣಂತಿಯರ ಖಿನ್ನತೆಗೆ ಇದೇ ಅಲೊಪ್ರೆಗ್ನನೊಲೋನನ್ನು ಔಷಧವಾಗಿ ಕೊಡಲು ಅಮೆರಿಕ ಒಪ್ಪಿಗೆ ನೀಡಿದ್ದು 2019ರಲ್ಲಿ.

ಸಹಜವಾಗಿ ಮುಟ್ಟು ನಿಲ್ಲುವುದಕ್ಕೂ ಶಸ್ತ್ರಚಿಕಿತ್ಸೆಯಿಂದ ನಿಲ್ಲುವುದಕ್ಕೂ ಇರುವ ವ್ಯತ್ಯಾಸ ಹೊತ್ತು ಮುಳುಗುವುದಕ್ಕೂ ಕರೆಂಟು ಹೋಗುವುದಕ್ಕೂ ಇರುವಷ್ಟು. ಭಾರತದ ಹೆಂಗಸರಲ್ಲಿ ಸಾಮಾನ್ಯವಾಗಿ 46–47ನೆಯ ವಯಸ್ಸಿಗೆ ಮುಟ್ಟು ನಿಲ್ಲುತ್ತದೆ. ಅದಕ್ಕೆ ಮೊದಲು ಕೆಲವು ವರ್ಷ ಹಾರ್ಮೋನುಗಳು ಏರಿಳಿದು, ದೇಹ ಒಂದು ಮಟ್ಟಿಗೆ ಹೊಂದಿಕೊಳ್ಳುತ್ತದೆ. 32ರಲ್ಲಿ ಎರಡೂ ಅಂಡಾಶಯ ತೆಗೆದರೆ ಬೆಳಿಗ್ಗೆ ಇದ್ದ ಈಸ್ಟ್ರೋಜೆನ್ನಿನ ಬಹುಪಾಲು ಒಂದೆರಡು ದಿನದಲ್ಲಿ ಇಲ್ಲವಾಗುತ್ತದೆ, ಹದಿನಾಲ್ಕು ಹದಿನೈದು ವರ್ಷಗಳ ಹಾರ್ಮೋನು ಒಮ್ಮೆಗೇ ಕೈತಪ್ಪುತ್ತದೆ. ಇದರ ಫಲವನ್ನು ಅಳೆದವರಿದ್ದಾರೆ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಬಾರ್ಬರಾ ಶೆರ್ವಿನ್ ಅಂಡಾಶಯ ಸಮೇತ ಗರ್ಭಕೋಶ ತೆಗೆಸಿಕೊಳ್ಳಲಿದ್ದ ಮಹಿಳೆಯರ ನೆನಪನ್ನು ಶಸ್ತ್ರಚಿಕಿತ್ಸೆಗೆ ಮೊದಲೂ ಆಮೇಲೂ ಪರೀಕ್ಷಿಸಿದರು. ಆಮೇಲೆ ಕೆಲವರಿಗೆ ಈಸ್ಟ್ರೋಜೆನ್, ಕೆಲವರಿಗೆ ಬರೀ ಹುಸಿ ಚುಚ್ಚುಮದ್ದು. 1992ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಜೋಡಿ ಪದಗಳನ್ನು ನೆನಪಿಡುವ ಪರೀಕ್ಷೆಯಲ್ಲಿ ಈಸ್ಟ್ರೋಜೆನ್ ಪಡೆದವರು ಮೊದಲಿನಂತೆಯೇ ಇದ್ದರು, ಹುಸಿ ಮದ್ದಿನವರು ಹಿಂದೆ ಬಿದ್ದರು. ಅದು ಇಪ್ಪತ್ತು ಮಂದಿಯೂ ಇಲ್ಲದ ಪುಟ್ಟ ಅಧ್ಯಯನ. ದೊಡ್ಡದು ಬಂದದ್ದು ಮೇಯೊ ಕ್ಲಿನಿಕ್ಕಿನ ವಾಲ್ಟರ್ ರೊಕ್ಕಾ ಅವರಿಂದ. ಅಮೆರಿಕದ ಮಿನೆಸೊಟಾದ ಒಂದು ಕೌಂಟಿಯಲ್ಲಿ 1950ರಿಂದ 1987ರವರೆಗೆ, ಮುಟ್ಟು ನಿಲ್ಲುವ ಮುನ್ನವೇ ಒಂದು ಅಥವಾ ಎರಡು ಅಂಡಾಶಯ ತೆಗೆಸಿಕೊಂಡ ಸಾವಿರಕ್ಕೂ ಹೆಚ್ಚು ಮಹಿಳೆಯರನ್ನು ಅವರ ತಂಡ ದಶಕಗಳ ಕಾಲ ಗಮನಿಸಿ 2007ರಲ್ಲಿ ವರದಿ ಮಾಡಿತು. ಉಳಿದವರಿಗೆ ಹೋಲಿಸಿದರೆ ಇವರಲ್ಲಿ ಅರಿವಿನ ಶಕ್ತಿ ಕುಂದುವ ಅಥವಾ ಮರೆವಿನ ಕಾಯಿಲೆ ಬರುವ ಅಪಾಯ ಸುಮಾರು ಒಂದೂವರೆ ಪಟ್ಟು ಇತ್ತು. ಎಷ್ಟು ಚಿಕ್ಕ ವಯಸ್ಸಿನಲ್ಲಿ ತೆಗೆಸಿದ್ದರೋ ಅಪಾಯ ಅಷ್ಟು ಹೆಚ್ಚು. ಖಿನ್ನತೆ, ಆತಂಕಗಳೂ ಹೆಚ್ಚು ಎಂದು ಮರುವರ್ಷ ಅದೇ ತಂಡ ತೋರಿಸಿತು.

ವಿಮರ್ಶಕರು ಇಲ್ಲಿ ತಕರಾರು ತೆಗೆಯುತ್ತಾರೆ, ಅದರಲ್ಲಿ ಹುರುಳಿದೆ. ಮೇಯೊದವು ಗಮನಿಸಿ ಬರೆದ ಅಧ್ಯಯನಗಳು, ಚೀಟಿ ಎತ್ತಿ ಹಂಚಿದ ಪ್ರಯೋಗಗಳಲ್ಲ. ಅಂಡಾಶಯ ತೆಗೆಸಿಕೊಳ್ಳುವವರು ಮೊದಲೇ ಬೇರೆ ಬಗೆಯ ಕಾಯಿಲೆಯವರೋ ಬಡವರೋ ಆಗಿದ್ದಿರಬಹುದಲ್ಲ? ಆಗಿರಬಹುದು. ಆದರೂ ಎರಡು ಸಂಗತಿಗಳು ನನ್ನನ್ನು ಅಂಡಾಶಯದ ನಷ್ಟವೇ ಕಾರಣ ಎಂಬ ಕಡೆಗೆ ಒಲಿಸುತ್ತವೆ. ಬರೀ ಹಿಂದಿನ ಕಾಯಿಲೆಯೇ ಕಾರಣವಾಗಿದ್ದರೆ ವಯಸ್ಸು ಇಳಿದಂತೆ ಅಪಾಯ ಮೆಟ್ಟಿಲು ಮೆಟ್ಟಿಲಾಗಿ ಏರುವುದು ವಿವರಿಸಲು ಕಷ್ಟ. ಎರಡನೆಯದು ಇನ್ನೂ ಗಟ್ಟಿ: ಮೇಯೊ ಅಧ್ಯಯನದಲ್ಲಿ ಎರಡೂ ಅಂಡಾಶಯ ಕಳೆದುಕೊಂಡು 50 ವರ್ಷದವರೆಗೂ ಈಸ್ಟ್ರೋಜೆನ್ ತೆಗೆದುಕೊಂಡವರಲ್ಲಿ ಆ ಹೆಚ್ಚುವರಿ ಅಪಾಯ ಕಾಣಲಿಲ್ಲ. 2014ರಲ್ಲಿ ಅಮೆರಿಕದ ಇನ್ನೊಂದು ತಂಡವೂ ಶಸ್ತ್ರಚಿಕಿತ್ಸೆಯಿಂದ ಬೇಗ ಮುಟ್ಟು ನಿಂತವರ ನೆನಪು ವೃದ್ಧಾಪ್ಯದಲ್ಲಿ ವೇಗವಾಗಿ ಕುಂದುವುದನ್ನು ಕಂಡಿತು. ಸಹಜವಾಗಿ ಬೇಗ ನಿಂತವರಲ್ಲಿ ಹಾಗೆ ಕಾಣಲಿಲ್ಲ. ಅಂದಮೇಲೆ ಇದು ಮುಪ್ಪಿನ ಸಾಮಾನ್ಯ ಕಥೆಯಲ್ಲ. ಗರ್ಭಕೋಶ ಮಾತ್ರ ತೆಗೆದು ಅಂಡಾಶಯ ಉಳಿಸಿದರೆ ಪೂರ್ತಿ ಪಾರಾದಂತೆಯೂ ಅಲ್ಲ. ಹಾಗೆ ಉಳಿಸಿದವರಲ್ಲೂ ಅಂಡಾಶಯ ಬೇಗ ಸೋಲುವ ಸಾಧ್ಯತೆ ಸುಮಾರು ಎರಡು ಪಟ್ಟು ಎಂದು ಡ್ಯೂಕ್ ವಿಶ್ವವಿದ್ಯಾಲಯದವರು 2011ರಲ್ಲಿ ತೋರಿಸಿದ್ದಾರೆ. ಮುಟ್ಟೇ ಇಲ್ಲದವಳಿಗೆ ಅದು ಸೋತದ್ದು ಗೊತ್ತಾಗುವುದಾದರೂ ಹೇಗೆ?

ಹೊರಗಿನಿಂದ ಹಾರ್ಮೋನು ಕೊಡಬಹುದು ಎಂದ ಕೂಡಲೇ 'ಕ್ಯಾನ್ಸರ್ ಬರುತ್ತದೆ' ಎಂಬ ಉತ್ತರ ಬರುತ್ತದೆ, ಎಷ್ಟೋ ಸಲ ವೈದ್ಯರಿಂದಲೇ. ಈ ಹೆದರಿಕೆಯ ಮೂಲ ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್ ಎಂಬ ಭಾರಿ ಪ್ರಯೋಗ. ಅದರ ಒಂದು ಭಾಗವನ್ನು 2002ರಲ್ಲಿ ಅರ್ಧಕ್ಕೇ ನಿಲ್ಲಿಸಿದರು. 2003ರಲ್ಲಿ ಬಂದ ಅದರ ಮಿದುಳಿನ ಅಧ್ಯಯನ ಮತ್ತೂ ಹೆದರಿಸಿತು: 65 ದಾಟಿದ 4,532 ಮಹಿಳೆಯರಲ್ಲಿ ಎರಡು ಹಾರ್ಮೋನು ಸೇವಿಸಿದವರ ಪೈಕಿ 40 ಮಂದಿಗೆ, ಹುಸಿ ಗುಳಿಗೆಯವರ ಪೈಕಿ 21 ಮಂದಿಗೆ ಮರೆವಿನ ಕಾಯಿಲೆ ಬಂತು. ಅಂಕಿ ಸರಿ, ಅದನ್ನು ಎಲ್ಲರಿಗೂ ಹಚ್ಚಿದ್ದು ತಪ್ಪು. ಅಲ್ಲಿದ್ದವರು ಗರ್ಭಕೋಶ ಇದ್ದವರು, ಮುಟ್ಟು ನಿಂತು ಹದಿನೈದಿಪ್ಪತ್ತು ವರ್ಷವಾದ ಮೇಲೆ ಹೊಸದಾಗಿ ಹಾರ್ಮೋನು ನುಂಗಿದವರು. ನಾವು ಮಾತಾಡುತ್ತಿರುವುದು 35ರ ಹೆಣ್ಣುಮಗಳ ಬಗ್ಗೆ, ಅವಳ ದೇಹದಲ್ಲಿ ಆ ವಯಸ್ಸಿಗೆ ಇರಲೇಬೇಕಾಗಿದ್ದ ಹಾರ್ಮೋನಿನ ಬಗ್ಗೆ. ಗರ್ಭಕೋಶ ಇಲ್ಲದವಳಿಗೆ ಪ್ರೊಜೆಸ್ಟರಾನಿನ ಜೋಡಿ ಸಾಮಾನ್ಯವಾಗಿ ಬೇಕಾಗುವುದಿಲ್ಲ, ಈಸ್ಟ್ರೋಜೆನ್ ಒಂದೇ ಸಾಕು. ಅದೇ ಪ್ರಯೋಗದಲ್ಲಿ ಗರ್ಭಕೋಶ ತೆಗೆಸಿಕೊಂಡು ಈಸ್ಟ್ರೋಜೆನ್ ಒಂದನ್ನೇ ಸೇವಿಸಿದ ಗುಂಪಿನಲ್ಲಿ ಸ್ತನ ಕ್ಯಾನ್ಸರ್ ಹೆಚ್ಚಲಿಲ್ಲ, ಕಡಿಮೆಯೇ ಆಯಿತು. ಪಾರ್ಶ್ವವಾಯುವಿನ ಅಪಾಯ ತುಸು ಏರಿತು, ಅದನ್ನು ಮುಚ್ಚಿಡಬಾರದು. ಬಿಪಿ ಇದ್ದವರಿಗೆ, ರಕ್ತ ಹೆಪ್ಪುಗಟ್ಟಿದ ಅಥವಾ ಸ್ತನ ಕ್ಯಾನ್ಸರಿನ ಇತಿಹಾಸ ಇದ್ದವರಿಗೆ ವೈದ್ಯರು ಯೋಚಿಸಿಯೇ ಕೊಡಬೇಕು, ಕೆಲವರಿಗೆ ಕೊಡಲೇಬಾರದು. ಇನ್ನೊಂದು ಮಾತನ್ನೂ ಒಪ್ಪಿಕೊಳ್ಳಬೇಕು: ಸಹಜವಾಗಿ ಮುಟ್ಟು ನಿಂತ ಆರೋಗ್ಯವಂತರಿಗೆ ಹಾರ್ಮೋನು ಕೊಟ್ಟರೆ ಬುದ್ಧಿ ಚುರುಕಾಗುತ್ತದೆ ಎಂಬುದಕ್ಕೆ ಪುರಾವೆ ಇಲ್ಲ. 2015ರಲ್ಲಿ ಕೀಪ್ಸ್ ಎಂಬ ಪ್ರಯೋಗ ಅದನ್ನು ಸ್ಪಷ್ಟವಾಗಿಯೇ ಹೇಳಿತು. ಕಳೆದದ್ದನ್ನು ತುಂಬಿಕೊಡುವುದು ಬೇರೆ, ಇದ್ದದ್ದರ ಮೇಲೆ ಸುರಿಯುವುದು ಬೇರೆ.

ಸ್ತ್ರೀವಾದಿ ಗೆಳತಿಯರಿಂದ ಬರಬಹುದಾದ ಆಕ್ಷೇಪ ನನಗೆ ಇದಕ್ಕಿಂತ ಮುಖ್ಯ. ಹೆಣ್ಣಿನ ಮನಸ್ಸನ್ನು ಹಾರ್ಮೋನಿಗೆ ಕಟ್ಟಿಹಾಕುವುದು ಹಳೆಯ ಚಾಳಿ. 'ಮುಟ್ಟಿನ ದಿನ ಅವಳ ತಲೆ ಸರಿ ಇರಲ್ಲ' ಎಂದು ಕಚೇರಿಯಲ್ಲೂ ಮನೆಯಲ್ಲೂ ಅವಳ ಬಾಯಿ ಮುಚ್ಚಿಸುವುದಕ್ಕೆ ನೀವೂ ಕೈಜೋಡಿಸುತ್ತೀರಾ? ಇಲ್ಲ. ಅಮೆರಿಕದ ಪೀಟರ್ ಸ್ಮಿಟ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಒಳ್ಳೆಯ ಉತ್ತರ. ಮುಟ್ಟಿಗೆ ಮೊದಲು ತೀವ್ರವಾಗಿ ಮನಸ್ಸು ಕೆಡುವವರನ್ನೂ ಹಾಗೇನೂ ಆಗದವರನ್ನೂ ಆರಿಸಿ, ಔಷಧ ಕೊಟ್ಟು ಅಂಡಾಶಯದ ಕೆಲಸವನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಆಮೇಲೆ ಎರಡೂ ಗುಂಪಿಗೆ ಒಂದೇ ಪ್ರಮಾಣದ ಹಾರ್ಮೋನು ಕೊಟ್ಟರು. ಮೊದಲಿನ ಗುಂಪಿನವರಿಗೆ ಬೇಗುದಿ ಮರಳಿತು, ಎರಡನೆಯವರಿಗೆ ಏನೂ ಆಗಲಿಲ್ಲ. ಹಾರ್ಮೋನು ಒಂದೇ, ಅದಕ್ಕೆ ಸ್ಪಂದಿಸುವ ಮಿದುಳುಗಳು ಬೇರೆ ಬೇರೆ. 'ಹೆಂಗಸರೆಲ್ಲ ಹೀಗೆ' ಎಂಬ ಮಾತಿಗೆ ವಿಜ್ಞಾನದಲ್ಲಿ ಜಾಗವಿಲ್ಲ. ತಿಂಗಳ ಸಹಜ ಏರಿಳಿತದಲ್ಲಿ ಬುದ್ಧಿಶಕ್ತಿ ಗಮನಾರ್ಹವಾಗಿ ಕೆಡುತ್ತದೆ ಎಂಬುದೂ ನಿಂತಿಲ್ಲ. ಗಂಡಸರೂ ಹೊರಗಿನವರಲ್ಲ, ಅವರ ಮಿದುಳಲ್ಲೂ ಟೆಸ್ಟೋಸ್ಟೆರಾನಿನ ಒಂದು ಪಾಲು ಈಸ್ಟ್ರೋಜೆನ್ನಾಗಿ ಬದಲಾಗಿಯೇ ಕೆಲಸ ಮಾಡುತ್ತದೆ.  ನನ್ನ ವಾದ ಹೆಣ್ಣಿನ ಸ್ವಭಾವದ ಬಗ್ಗೆ ಅಲ್ಲವೇ ಅಲ್ಲ. ಒಂದು ಗ್ರಂಥಿಯನ್ನು ಕಿತ್ತು, ಆದ ನಷ್ಟವನ್ನು ಹೇಳದೆ ಮನೆಗೆ ಕಳಿಸುವುದರ ಬಗ್ಗೆ. ಗಂಡಸಿನ ವೃಷಣಗಳನ್ನು 32ನೆಯ ವಯಸ್ಸಿಗೆ ಇದೇ ಸಲೀಸಿನಲ್ಲಿ ತೆಗೆಯುತ್ತಿದ್ದರೆ ಊರು ಸುಮ್ಮನಿರುತ್ತಿತ್ತೇ?

ಸಾಲ, ಕುಡುಕ ಗಂಡ, ಬರಗಾಲ ಇವೇ ಮನಸ್ಸು ಕೆಡಲು ಸಾಕು, ಹಾರ್ಮೋನು ಯಾಕೆ ಬೇಕು ಎನ್ನುವವರೂ ಇದ್ದಾರೆ. ಸಾಕು, ನಿಜ. ಆದರೆ ಎರಡೂ ಒಂದೇ ಮೈಯಲ್ಲಿ ಸೇರುತ್ತವೆ, ಒಂದು ಇನ್ನೊಂದನ್ನು ಅಳಿಸುವುದಿಲ್ಲ. ಈಸ್ಟ್ರೋಜೆನ್ ಕುಸಿದಾಗ ಹೈಪೊಥಲಾಮಸ್ಸಿನಲ್ಲಿ ಮೈಶಾಖ ನೋಡಿಕೊಳ್ಳುವ ನರಕೋಶಗಳು ಹದ್ದುಬಸ್ತಿಲ್ಲದೆ ಚುರುಕಾಗಿ, ರಾತ್ರಿ ಎದೆಯಿಂದ ಮುಖದವರೆಗೆ ಕಾವು ಏರಿ, ಬೆವರಿ ಎಚ್ಚರವಾಗುತ್ತದೆ. ಇಂಥ ನಾಲ್ಕೈದು ರಾತ್ರಿ ಕಳೆದವಳು ಬೆಳಿಗ್ಗೆ ಹೊಲಕ್ಕೆ ಹೋಗಬೇಕು. ಹಿರೇಕೆರೂರು, ರಾಣೆಬೆನ್ನೂರಿನ ಕಡೆ ಹೆಣ್ಣುಮಕ್ಕಳು ಮಾಡುವ ಹತ್ತಿಬೀಜದ ಕ್ರಾಸಿಂಗ್ ಕೆಲಸವನ್ನು ನೋಡಿ. ನಾಳೆ ಅರಳುವ ಮೊಗ್ಗು ಯಾವುದೆಂದು ಮಧ್ಯಾಹ್ನದ ಮೇಲೆ ಗುರುತಿಸಿ, ಎಸಳು ಬಿಡಿಸಿ, ಕೇಸರಗಳನ್ನು ಶಲಾಕೆಗೆ ಪೆಟ್ಟಾಗದಂತೆ ಉಗುರಿನಲ್ಲಿ ಕಿತ್ತು, ಗುರುತು ಹಾಕಿ, ಮರುದಿನ ಬಿಸಿಲೇರುವ ಮುನ್ನ ಅದೇ ಹೂವಿಗೆ ಗಂಡುಸಾಲಿನ ಪರಾಗ ಮುಟ್ಟಿಸಬೇಕು. ಒಂದೊಂದು ಗಿಡದಲ್ಲೂ ಯಾವುದು ಮುಗಿಯಿತು, ಯಾವುದು ಉಳಿಯಿತು ಎಂಬ ನೆನಪು ಬೇಕು. ಇದು ಶುದ್ಧ ಗಮನದ, ನೆನಪಿನ ದುಡಿಮೆ. ವಾರದ ಸಂಘದ ಕಂತು, ಕಿರಾಣಿ ಅಂಗಡಿಯ ಉದ್ರಿ, ಮಕ್ಕಳ ಹಾಸ್ಟೆಲಿನ ಅರ್ಜಿ ಎಲ್ಲ ಅದರ ಮೇಲೆ. ಅಂಥವಳು 'ಈಚೀಚೆ ಏನೂ ನೆನಪುಳಿಯವಲ್ದು, ಸುಮ್ಮಸುಮ್ಮನ ಸಿಟ್ಟು ಬರತೈತಿ' ಎಂದರೆ ಮನೆಯವರು ಗಾಳಿ ಸೋಕಿದೆಯೆಂದು ತಾಯಿತ ಕಟ್ಟಿಸುತ್ತಾರೆ, ಆಸ್ಪತ್ರೆಯವರು ನಿದ್ದೆ ಗುಳಿಗೆ ಬರೆಯುತ್ತಾರೆ.

ಗರ್ಭಕೋಶ ತೆಗೆಯುವುದೇ ತಪ್ಪು ಎಂದು ಇಲ್ಲಿ ಯಾರೂ ಹೇಳುತ್ತಿಲ್ಲ. ಕ್ಯಾನ್ಸರಿಗೆ, ನಿಲ್ಲದ ರಕ್ತಸ್ರಾವಕ್ಕೆ, ದೊಡ್ಡ ಗಡ್ಡೆಗಳಿಗೆ ಅದು ಜೀವ ಉಳಿಸುತ್ತದೆ. ಹೆಂಗಸರೇ ಮುಂದೆ ಬಂದು 'ತೆಗೆದುಬಿಡ್ರಿ' ಎನ್ನುವುದೂ ಸುಳ್ಳಲ್ಲ. ಶೌಚಾಲಯವಿಲ್ಲದ ಹೊಲದಲ್ಲಿ ದಿನವಿಡೀ ಬಗ್ಗಿ ದುಡಿಯುವವಳಿಗೆ ಮುಟ್ಟು ಬರೀ ತ್ರಾಸು. ಇಪ್ಪತ್ತರ ಹರೆಯದಲ್ಲೇ ಮಕ್ಕಳಾಗದ ಆಪರೇಷನ್ ಮಾಡಿಸಿಕೊಂಡಿರುತ್ತಾಳೆ, ಇನ್ನು ಆ ಚೀಲದಿಂದ ಏನು ಕೆಲಸ ಎನ್ನಿಸುವುದು ಸಹಜ. ಬಿಳಿ ಸೆರಗು ಹೋಗುತ್ತಿದ್ದರೆ ಯಾರೋ 'ಕ್ಯಾನ್ಸರ್ ಆಗ್ತೈತಿ' ಎಂದು ಹೆದರಿಸಿರುತ್ತಾರೆ. ಆದರೆ ಬಿಳಿ ಸೆರಗಿಗೆ ಬಹುತೇಕ ಗುಳಿಗೆಯಲ್ಲೇ ಮದ್ದಿದೆ. ಹೆಚ್ಚಿನ ರಕ್ತಸ್ರಾವಕ್ಕೆ ಟ್ರಾನೆಕ್ಸಾಮಿಕ್ ಆಸಿಡ್ ಗುಳಿಗೆಯಿದೆ, ಗರ್ಭಕೋಶದೊಳಗೆ ಕೂರಿಸುವ ಹಾರ್ಮೋನು ವಂಕಿಯಿದೆ, ಸ್ಕ್ಯಾನಿಂಗ್ ಇದೆ, ರಕ್ತ ತುಂಬುವ ಕಬ್ಬಿಣದ ಗುಳಿಗೆಯಿದೆ. ಇವನ್ನೆಲ್ಲ ನೋಡಿದ ಮೇಲೂ ಗರ್ಭಕೋಶ ತೆಗೆಯಲೇಬೇಕಾದರೆ, ಆರೋಗ್ಯವಾಗಿರುವ ಅಂಡಾಶಯವನ್ನು 'ಹೇಗೂ ಹೊಟ್ಟೆ ಕೊಯ್ದಿದ್ದೇವೆ' ಎಂದು ಜೊತೆಗೆ ತೆಗೆಯುವುದಕ್ಕೆ ಏನು ಕಾರಣ? ಮುಂದೆ ಅಂಡಾಶಯದ ಕ್ಯಾನ್ಸರ್ ಬರದಿರಲಿ ಎಂಬ ಉತ್ತರ ವಂಶದಲ್ಲಿ ಆ ಕಾಯಿಲೆಯ ಇತಿಹಾಸ ಇದ್ದವರಿಗೆ ಸರಿ. ಉಳಿದವರ ವಿಷಯದಲ್ಲಿ ವಿರಳವಾದ ಒಂದು ಅಪಾಯವನ್ನು ತಪ್ಪಿಸಲು ಎಲುಬು, ಹೃದಯ, ಮಿದುಳು ಮೂರನ್ನೂ ಪಣಕ್ಕಿಟ್ಟಂತೆ.

2013ರಲ್ಲಿ ಡಾ. ನರೇಂದ್ರ ಗುಪ್ತಾ ಬಿಹಾರ, ಛತ್ತೀಸಗಢ, ರಾಜಸ್ಥಾನಗಳ ಇಂಥವೇ ಪ್ರಕರಣಗಳನ್ನು ಹಿಡಿದು ಸುಪ್ರೀಂ ಕೋರ್ಟಿಗೆ ಹೋದರು. 2022ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯಲು ಮಾರ್ಗಸೂಚಿ ಹೊರಡಿಸಿತು. 2023ರ ಏಪ್ರಿಲ್‌ನಲ್ಲಿ ಕೋರ್ಟು ಎಲ್ಲ ರಾಜ್ಯಗಳೂ ಮೂರು ತಿಂಗಳಲ್ಲಿ ಅದನ್ನು ಅಳವಡಿಸಿಕೊಳ್ಳಬೇಕೆಂದು ಹೇಳಿತು. ಆ ಮಾರ್ಗಸೂಚಿ ಹೇಳುವ ನಿಗಾ ಸಮಿತಿಗಳು ಜಿಲ್ಲೆಯಲ್ಲಿ ಕೂತಾಗ ಎಷ್ಟು ಗರ್ಭಕೋಶ ಎಂದು ಎಣಿಸುವುದರ ಜೊತೆಗೆ ಎಷ್ಟು ಅಂಡಾಶಯ, ಯಾವ ವಯಸ್ಸಿನಲ್ಲಿ, ಯಾವ ಕಾರಣಕ್ಕೆ ಎಂದೂ ಎಣಿಸಲಿ. ಒಪ್ಪಿಗೆ ಪತ್ರದಲ್ಲಿ ಅಂಡಾಶಯಕ್ಕೆ ಬೇರೆಯೇ ಸಹಿ ಇರಲಿ, ಅದು ಕನ್ನಡದಲ್ಲಿರಲಿ, ಡಿಸ್ಚಾರ್ಜ್ ಕಾರ್ಡಿನಲ್ಲೂ 'ಅಂಡಾಶಯ ಉಳಿಸಿದೆ' ಅಥವಾ 'ತೆಗೆದಿದೆ' ಎಂದು ಕನ್ನಡದಲ್ಲೇ ಬರೆಯಲಿ. ಇದಕ್ಕೆ ಹೊಸ ಕಟ್ಟಡ ಬೇಡ, ಹೊಸ ಯಂತ್ರ ಬೇಡ. ವೈದ್ಯರಿಗೆ ಪುರುಸೊತ್ತಿಲ್ಲ ಎನ್ನುವವರು ಒಂದು ಸಾಲು ಬರೆಯಲು ಎಷ್ಟು ಹೊತ್ತು ಬೇಕೆಂದು ಹೇಳಲಿ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ವ್ಯವಸ್ಥೆ ರಾಜ್ಯದಲ್ಲಿ ಆಗಲೇ ಇದೆ. ನಿದ್ದೆಗೇಡು, ಮರೆವು, ಕಾರಣವಿಲ್ಲದ ಅಳು ಎಂದು ಅಲ್ಲಿಗೆ ಬರುವ ನಡುವಯಸ್ಸಿನ ಪ್ರತಿ ಮಹಿಳೆಗೂ ಗರ್ಭಕೋಶ ತೆಗೆಸಿದ್ದೀರಾ, ಯಾವಾಗ, ಕಾರ್ಡು ಇದೆಯೇ ಎಂದು ಕೇಳಲಿ. ಅಂಡಾಶಯ ಹೋಗಿದೆ ಎಂದು ಗೊತ್ತಾದರೆ ಖಿನ್ನತೆಯ ಗುಳಿಗೆಯ ಜೊತೆಗೆ ಸ್ತ್ರೀರೋಗ ತಜ್ಞರ ಬಳಿಗೂ ಕಳಿಸಲಿ.

ಆಗಲೇ ಕಳೆದುಕೊಂಡವರ ಮಾತು ಉಳಿಯುತ್ತದೆ. ಶಿಗ್ಗಾವಿಯತ್ತ ಹೊರಟ ಹೆಣ್ಣುಮಕ್ಕಳಿಗೆ ಸಿಗಬೇಕಾದ ಪರಿಹಾರ ಹಣದ್ದು ಮಾತ್ರವಲ್ಲ. ಯಾರ ಅಂಡಾಶಯ ಹೋಗಿದೆ ಎಂದು ಆಸ್ಪತ್ರೆಯ ಕಡತದಿಂದಲೋ, ಸ್ಕ್ಯಾನಿಂಗ್ ಮತ್ತು ರಕ್ತ ಪರೀಕ್ಷೆಯಿಂದಲೋ ತಿಳಿದುಕೊಂಡು, ಬೇಕಾದವರಿಗೆ ಸರ್ಕಾರವೇ ಹಾರ್ಮೋನು ಕೊಡಬೇಕು, ಎಲುಬು, ಬಿಪಿ, ಮನಸ್ಸು ಮೂರನ್ನೂ ವರ್ಷಕ್ಕೊಮ್ಮೆ ನೋಡಬೇಕು. ಈ ಉಪಚಾರಕ್ಕೆ ಕೊನೆಯ ದಿನಾಂಕವಿದೆ. ಮುಟ್ಟು ಸಹಜವಾಗಿ ನಿಲ್ಲುವ ವಯಸ್ಸಿನವರೆಗೆ ಕೊಟ್ಟರೆ ಕಾಪಾಡಬಹುದಾದ ಹಾರ್ಮೋನು 65ರ ನಂತರ ಹೊಸದಾಗಿ ಶುರುಮಾಡಿದರೆ ಕೆಡುಕನ್ನೇ ತರಬಹುದು. 2015ರಲ್ಲಿ 32 ವರ್ಷವಾಗಿದ್ದವಳಿಗೆ 2033ರಲ್ಲಿ 50 ತುಂಬುತ್ತದೆ, ಆಗ 38 ಆಗಿದ್ದವಳಿಗೆ 2027ರಲ್ಲೇ.